ಕೋಪದ ಭರಣಿ

ಶ್ರೀಪ್ರಿಯಾಳಿಗೆ ಸಿಟ್ಟು ಬಂದ ಆ ಭಾನುವಾರ ಬೆಳಿಗ್ಗೆ ವೆಸ್ಟ್ ಮಾಂಬಲಂನ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಟಿ. ನಗರದ ಕಡೆಗೆ ಹಾರಿಹೋದವು. ಮೂರನೆಯ ಮಹಡಿಯ ಅವರ ಫ್ಲಾಟಿನಲ್ಲಿ ಕೂಗಲು ಬಾಯಿ ತೆರೆದಿದ್ದ ಕುಕ್ಕರು ಹಾಗೇ ಉಸಿರು ನುಂಗಿಕೊಂಡಿತು. ಕೆಳಗೆ ಗಲ್ಲಿಯ ಇಸ್ತ್ರಿಯವನು ಪೆಟ್ಟಿಗೆಗೆ ಕೆಂಡ ಹಾಕುವುದನ್ನು ಮರೆತಿದ್ದ. ಆದರೂ ಅಂಗಿಗಳ ಸುಕ್ಕು ತಾನಾಗಿ ಹೋಯಿತು, ಅಷ್ಟು ಕಾವು ಮೇಲಿನಿಂದ ಇಳಿಯುತ್ತಿತ್ತು. ನಂಬದವರು ಹೋಗಿ ಆ ಇಸ್ತ್ರಿಯವನನ್ನೇ ಕೇಳಲಿ.

"ಅಮ್ಮಾ, ನನ್ನ ಭರಣಿ ಎಲ್ಲಿ?"

ತಾಯಿ ಜಯಲಕ್ಷ್ಮೀ ಕೊಲುವಿನ ಮುಂದೆ ಕೂತು ರಂಗೋಲಿಯ ಕೊನೆಯ ಎಳೆ ಎಳೆಯುತ್ತಿದ್ದರು. ನವರಾತ್ರಿ ಬಂತೆಂದರೆ ಮದರಾಸಿನಲ್ಲಿ ಮನೆಮನೆಯಲ್ಲೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ನೋಡಲು ಬಂದ ಹೆಂಗಸರು ಒಂದು ಹಾಡು ಹೇಳಬೇಕು, ಸುಂಡಲ್ ಎಂಬ ಕಾಳಿನ ಉಸಲಿ ತಿನ್ನಬೇಕು, ಹೊರಡುವಾಗ ವೀಳ್ಯದೆಲೆ ಅಡಿಕೆಯ ಜೊತೆಗೆ ಒಂದು ಸಣ್ಣ ಉಡುಗೊರೆ ಇಸಿದುಕೊಂಡು ಹೋಗಬೇಕು. ಜಯಲಕ್ಷ್ಮಿಯವರ ಕೊಲು ನೋಡಲು ಈ ಸಲ ಅರ್ಧ ಚೆನ್ನೈ ಬಂದುಹೋಗಿತ್ತು. ಉಳಿದರ್ಧ ಕೆಳಗೆ ಚಪ್ಪಲಿ ಬಿಡಲು ಜಾಗ ಸಿಗದೆ ಕಾಯುತ್ತಿತ್ತು.

"ಯಾವ ಭರಣೀನೇ?"

"ಹಿತ್ತಾಳೇದು. ನನ್ನ ಬೀರೂಲಿ ದುಪಟ್ಟಾ ಹಿಂದೆ ಇಟ್ಟಿದ್ದು. ಅಲ್ಲಾಡಿಸಿದ್ರೆ ಗಲಗಲ ಅನ್ನತ್ತಲ್ಲ, ಅದು."

"ಅದಾ! ಅದನ್ನ ರಂಜನಿ ಮಾಮಿಗೆ ತಾಂಬೂಲದಲ್ಲಿ ಇಟ್ಟು ಕೊಟ್ಬಿಟ್ನಲ್ಲೇ. ಪ್ಲಾಸ್ಟಿಕ್ ಡಬ್ಬಿ ಎಲ್ಲಾ ತೀರ್ಹೋಗಿತ್ತು. ನೀನು ಪಲ್ಲಾವರಂ ಸಂತೇಲಿ ತಂದಿದ್ಯಲ್ಲ, ಕೊಲುಗೇ ತಂದಿಟ್ಟಿದೀಯ ಅಂದ್ಕೊಂಡೆ. ಒಳಗೆ ನೀನೇ ಗುಲಗಂಜಿ ಬೇರೆ ತುಂಬಿಸಿಟ್ಟಿದ್ದೆ. ಇಪ್ಪತ್ತೊಂಬತ್ತು ವರ್ಷಕ್ಕೆ ನನ್ನ ಮಗಳಿಗೆ ಶಾಸ್ತ್ರ ತಿಳೀತಲ್ಲಾ ಅಂತ ಕಣ್ಣಲ್ಲಿ ನೀರೇ ಬಂತು ನಂಗೆ."

ಸೋಫಾದಲ್ಲಿ ಕೂತಿದ್ದ ತಂದೆ ಹರಿದಾಸರು ಪೇಪರನ್ನು ಇನ್ನೂ ಸ್ವಲ್ಪ ಮೇಲೆತ್ತಿದರು. ಮೊದಲು ಅವರ ಮುಖ ಮರೆಯಾಯಿತು, ಆಮೇಲೆ ಭುಜ, ಕೊನೆಗೆ ಇಡೀ ಮನುಷ್ಯನೇ ಪೇಪರಿನ ಹಿಂದೆ ಮಾಯವಾದ.

ಶ್ರೀಪ್ರಿಯಾಳ ಸಿಟ್ಟು ಅರ್ಥವಾಗಬೇಕಾದರೆ ಆ ಭರಣಿ ಏನೆಂದು ತಿಳಿಯಬೇಕು. ಅದು ಮಾಂತ್ರಿಕೆಯೊಬ್ಬಳ ಸ್ವಂತ ವಸ್ತು.

ಪ್ರತಿ ಭಾನುವಾರ ಮಧ್ಯಾಹ್ನದ ಊಟಕ್ಕೂ ಸಂಜೆಯ ತಿಂಡಿಗೂ ನಡುವೆ, ಉಡುಪಿ ಕಡೆಯವರ ಹೋಟೆಲೊಂದರ ಮಾಳಿಗೆಯಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂರುತ್ತಿದ್ದರು. ಒಬ್ಬ ಸೂತ್ರಧಾರ ಕಥೆ ಕಟ್ಟುತ್ತಾನೆ. ಉಳಿದವರು ಆ ಕಥೆಯೊಳಗಿನ ಮಾಂತ್ರಿಕರು. ತಾವೇನು ಮಾಡುತ್ತೇವೆಂದು ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸಿ, ಗೆಲ್ಲುತ್ತಾರೆ ಇಲ್ಲವೇ ಸಾಯುತ್ತಾರೆ. ಸೂತ್ರಧಾರ ಮುರಳೀಧರ, ಶ್ರೀಪ್ರಿಯಾಳ ದೊಡ್ಡಪ್ಪನ ಮಗ. ಅವನ ಮೇಜಿನ ಕಟ್ಟಳೆ ಬೇರೆಲ್ಲೂ ಇಲ್ಲದ್ದು. ಪ್ರತಿ ಮಾಂತ್ರಿಕನಿಗೂ ಮಂತ್ರಶಕ್ತಿ ತುಂಬಿದ ಒಂದು ಸ್ವಂತ ವಸ್ತು ಇರಬೇಕು, ಆ ವಸ್ತು ನಿಜವಾಗಿಯೂ ಮೇಜಿನ ಮೇಲೆ ಇರಬೇಕು. ಅದನ್ನು ಕದಿಯುವಂತಿಲ್ಲ, ಕಿತ್ತುಕೊಳ್ಳುವಂತಿಲ್ಲ. ಒಬ್ಬರು ಮನಸಾರೆ ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಒಡೆತನ ಬದಲಾಗುತ್ತದೆ. ವಸ್ತುವಿಲ್ಲದೆ ಬಂದ ಮಾಂತ್ರಿಕ ಬಸ್ಸಿಗೆ ಕಾಯುವವನಷ್ಟೇ ಸಾಮಾನ್ಯ ಮನುಷ್ಯ.

ಹೋಟೆಲಿನ ಮನೆಯ ಹುಡುಗ ಮಿಥುನ್‌ನ ವಸ್ತು ದೋಸೆ ಮಗುಚುವ ಸಟ್ಟುಗ. ಕಥೆಯೊಳಗೆ ಅದು ಶತ್ರುವಿನ ಮಂತ್ರವನ್ನು ಶತ್ರುವಿನ ಮೇಲೇ ಮಗುಚಿ ಹಾಕುತ್ತಿತ್ತು. ಅವನ ಗೆಳೆಯ ಸಾಯಿಯದು ಕಡ್ಡಿ ಮುರಿದ ಕೊಡೆ. ಬಿಚ್ಚಿದರೆ ಅವನು ಅದೃಶ್ಯ. ಶ್ರೀಪ್ರಿಯಾಳ ಮಾಂತ್ರಿಕೆಯ ಹೆಸರು ಕೆಂಡಾಂಬರಿ. ಅವಳ ವಸ್ತು ಈ ಭರಣಿ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೇ ಪಾತ್ರೆಗಳ ರಾಶಿಯಲ್ಲಿ ಮುಚ್ಚಳ ಸೊಟ್ಟಗಾಗಿ ಬಿದ್ದಿದ್ದನ್ನು ತಂದು, ತಾನು ಕೆಲಸ ಮಾಡುವ ಅಂಬತ್ತೂರಿನ ಕಾರ್ಖಾನೆಯಲ್ಲಿ ನೆಟ್ಟಗೆ ಮಾಡಿಸಿ, ಸುತ್ತಲೂ ತಾನೇ ಹುಟ್ಟಿಸಿದ ಮಂತ್ರಾಕ್ಷರಗಳನ್ನು ಕೊರೆಸಿದ್ದಳು. ಕಥೆಯಲ್ಲಿ ಕೆಂಡಾಂಬರಿಗೆ ಅವಮಾನವಾದಾಗೆಲ್ಲ ಮುರಳಿ ಒಂದು ಕೆಂಪು ಗುಲಗಂಜಿ ಕೊಡುತ್ತಿದ್ದ. ಅವಳು ತಿರುಗಿ ಬೈಯದೆ, ಹೊಡೆಯದೆ, ಅದನ್ನು ಭರಣಿಯಲ್ಲಿ ಹಾಕಿ ಮುಚ್ಚಬೇಕು. ಕಾಲ ಬಂದಾಗ ತೆಗೆದು, ಇದು ಇಂಥ ಅವಮಾನದ್ದು ಎಂದು ಹೆಸರು ಹೇಳಿ ಎಸೆದರೆ ಒಂದೊಂದು ಬೀಜವೂ ಒಂದೊಂದು ಕಾಳ್ಗಿಚ್ಚು. ಹೆಸರಿಲ್ಲದ ಕೋಪಕ್ಕೆ ಕಿಡಿಯಿಲ್ಲ. ಇದೂ ಮುರಳಿಯದೇ ಕಟ್ಟಳೆ.

ಶ್ರೀಪ್ರಿಯಾ ನುಂಗುವುದರಲ್ಲಿ ಪಳಗಿದವಳು. ಕಾರ್ಖಾನೆಯಲ್ಲಿ ಅವಳ ಕೆಲಸ ತಯಾರಾದ ಬಿಡಿಭಾಗಗಳಲ್ಲಿ ಬಿರುಕು ಹುಡುಕುವುದು. ಹುಡುಕಿ ತೋರಿಸಿದರೆ ಮ್ಯಾನೇಜರು "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಮ್ಮಾ" ಅನ್ನುತ್ತಿದ್ದ. ಅಲ್ಲಿ ನುಂಗಿದಳು. ಲೋಕಲ್ ರೈಲಿನಲ್ಲಿ ನುಂಗಿದಳು. ಮದುವೆ ಮಾತೆತ್ತುವ ನೆಂಟರ ಮುಂದೆ ನುಂಗಿದಳು. ಅವಳು ನುಂಗಿದ ಸಿಟ್ಟನ್ನು ಒಂದು ಕಡೆ ಒಟ್ಟಿದ್ದರೆ ಸೇಂಟ್ ಥಾಮಸ್ ಮೌಂಟ್ ಪಕ್ಕದಲ್ಲಿ ಇನ್ನೊಂದು ಗುಡ್ಡ ಎದ್ದು, ವಿಮಾನಗಳು ಸುತ್ತಿ ಬರಬೇಕಾಗುತ್ತಿತ್ತು. ನುಂಗಿದ ಸಿಟ್ಟಿಗೆ ಈ ಲೋಕದಲ್ಲಿ ಬೆಲೆ ಇದ್ದದ್ದು ಒಂದೇ ಕಡೆ, ಆ ಭರಣಿಯಲ್ಲಿ. ಮತ್ತು ಈ ದಿನ, ವರ್ಷಗಟ್ಟಲೆ ನಡೆದ ಕಥೆಯ ಕೊನೆಯ ಯುದ್ಧ. ಮುರಳಿ ಆಡಿಸುವ ಹಿಮಕರ್ಕೋಟನೆಂಬ ಮಂಜಿನ ಸರ್ಪರಾಜನ ಎದುರು ಕೆಂಡಾಂಬರಿ ಮುಚ್ಚಳ ತೆಗೆಯಬೇಕಾದ ದಿನ. ರಾಹುಕಾಲಕ್ಕೆ ಮುಂಚೆ ಆಟ ಶುರುವಾಗಬೇಕೆಂದು ಮುರಳಿ ನಾಲ್ಕು ಗಂಟೆಗೆ ಕರೆದಿದ್ದ. ಭರಣಿ ಇಲ್ಲದಿದ್ದರೆ ಕೆಂಡಾಂಬರಿಯ ಕಥೆ ಮೊದಲ ಏಟಿಗೇ ಮುಗಿಯುತ್ತಿತ್ತು.

"ಹೋಗಿ ಇಸ್ಕೊಂಡು ಬರ್ತೀನಿ," ಎಂದು ಅವಳು ಚಪ್ಪಲಿ ಮೆಟ್ಟಿದಳು.

ಜಯಲಕ್ಷ್ಮಿಯವರ ಕೈಯಿಂದ ರಂಗೋಲಿ ಪುಡಿ ಜಾರಿತು. "ಏನಂದೆ? ತಾಂಬೂಲದಲ್ಲಿ ಕೊಟ್ಟಿದ್ದನ್ನ ವಾಪಸ್ ಕೇಳ್ತೀಯಾ? ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ ಕಣೇ. ಮಾನ ಹೋಗತ್ತೆ! ನೋಡ್ತಾ ಇದೀರಲ್ಲ, ಏನಾದ್ರೂ ಹೇಳ್ರೀ!"

ಪೇಪರಿನ ಹಿಂದೆ ಹಾಳೆ ಮಗುಚಿದ ಸದ್ದಾಯಿತು.

"ಕೇಳಲ್ಲಮ್ಮ. ಕೇಳದೇನೇ ತರ್ತೀನಿ."

"ಇನ್ನೊಬ್ಬರ ಮನೆ ಕೊಲು ಮುಂದೆ ಮುಖ ಗಂಟು ಹಾಕ್ಕೊಂಡು ಕೂತ್ಕೋಬೇಡ. ದೇವಿ ನೋಡ್ತಿರ್ತಾಳೆ!"

ಮೊದಲನೆಯ ಮಹಡಿಯ ರಂಜನಿ ಮಾಮಿ ತಮಿಳರು. ಜಯಲಕ್ಷ್ಮಿಯವರ ಸಹವಾಸದಲ್ಲಿ ಅರ್ಧ ಕನ್ನಡ ಕಲಿತವರು. ಅವರ ಕೊಲುವಿನ ಮೆಟ್ಟಿಲುಗಳು ಸೂರಿಗೆ ತಾಗಿ, ಮೇಲಿನ ಮನೆಯವರಿಗೆ ನೆಲ ಉಬ್ಬಿದ ಹಾಗೆ ಅನ್ನಿಸುತ್ತಿತ್ತಂತೆ.

"ವಾ ಕಣ್ಣೂ, ಬಾ ಬಾ! ಉಕ್ಕಾರು, ಕೂತ್ಕೋ. ಮೊದಲು ಒಂದು ಪಾಟ್ಟು ಪಾಡು. ಆಮೇಲೆ ಮಾತು."

ಹಾಡದೆ ಬಾಯಿ ಬಿಡುವಂತಿಲ್ಲ. ಶ್ರೀಪ್ರಿಯಾ ಹಲ್ಲು ಕಚ್ಚಿಕೊಂಡೇ ಒಂದು ದೇವರನಾಮ ಹಾಡಿದಳು. ಹಲ್ಲು ಕಚ್ಚಿಕೊಂಡು ಹಾಡಿದರೆ ಯಾವ ರಾಗವೂ ಒಂದೇ ರಾಗ. ಮೂರನೆಯ ಮೆಟ್ಟಿಲಿನ ಮಣ್ಣಿನ ಪೊಲೀಸು ಗೊಂಬೆ ಅಟೆನ್ಷನ್‌ನಲ್ಲಿ ನಿಂತಿತು.

"ಚೆನ್ನಾಗಿದೆ ಮಾಮಿ ಕೊಲು. ಅಮ್ಮ ಕೊಟ್ಟ ಭರಣಿ ಹಿಡಿಸಿತಾ?"

"ರೊಂಬ ಚೆನ್ನಾಗಿದೆ! ಬೀರೋಲಿ ಭದ್ರವಾಗಿ ಇಟ್ಟಿದೀನಿ. ಯಾರಿಗೂ ಕೊಡಲ್ಲ ಅದು."

ಬೀರು ಅಲ್ಲೇ ಪಕ್ಕದಲ್ಲಿ ಇತ್ತು. ಮಾಮಿಯ ಕಣ್ಣು ಮಾತ್ರ ಬಾಗಿಲ ಕಡೆಗೆ ಹೋಗಿ ಬಂತು. ಆ ಬೀದಿಯಲ್ಲಿ ಎಲ್ಲರೂ ಬಂದ ಉಡುಗೊರೆಯನ್ನು ಮುಂದಿನ ಮನೆಗೆ ದಾಟಿಸುತ್ತಾರೆ, ಒಬ್ಬರೂ ಒಪ್ಪುವುದಿಲ್ಲ. ಒಂದು ಸ್ಟೀಲ್ ಬಟ್ಟಲು ಮಾಂಬಲಂನಿಂದ ಹೊರಟು ಮೈಲಾಪುರ, ಅಡ್ಯಾರು, ತಾಂಬರಂ ಎಲ್ಲ ಸುತ್ತಿ, ಹುಟ್ಟಿದ ಮನೆಗೇ ಮರಳಿ ಬಂದು ಬಾಗಿಲಲ್ಲಿ ಅತ್ತಿದ್ದುಂಟು.

ಶ್ರೀಪ್ರಿಯಾಳಿಗೆ ಕುದಿಯಿತು. ಬೈಯುವ ಹಾಗಿಲ್ಲ, ದೇವಿ ನೋಡುತ್ತಿದ್ದಾಳೆ. ಅವಳು ಸುಂಡಲ್ ಬಟ್ಟಲು ಕೆಳಗಿಟ್ಟಳು.

"ಒಳ್ಳೇದಾಯ್ತು ಮಾಮಿ. ಅದು ನಮ್ಮಲ್ಲಿ ಹರಕೆ ಭರಣಿ. ಅಮ್ಮ ಹೇಳೋದು ಮರೆತ್ರಂತೆ, ಅದಕ್ಕೇ ಬಂದೆ. ಅದು ಯಾರ ಮನೇಲಿ ಇರತ್ತೋ ಅವರು ದಶಮಿ ಮಾರನೇ ದಿನ ಏಕಾದಶಿ ಮಾಡಬೇಕು. ನಮ್ಮ ಮಾಧ್ವರ ಏಕಾದಶಿ. ಅನ್ನ ಇಲ್ಲ, ಫಲಾರ ಇಲ್ಲ, ಕಾಫಿ ಇಲ್ಲ."

"ಕಾಫಿ?"

"ನೀರೂ ಇಲ್ಲ ಮಾಮಿ."

ರಂಜನಿ ಮಾಮಿಯ ಕೈ ತಾನಾಗಿ ಎದೆಗೆ ಹೋಯಿತು. ಆ ಮನೆಯಲ್ಲಿ ಫಿಲ್ಟರ್ ಕಾಫಿ ನಿಂತರೆ ಬೋರ್‌ವೆಲ್ ಬತ್ತಿದ ಹಾಗೆ. "ಕಣ್ಣೂ... ಅದು... ಬೀರೋಲಿ ಇಲ್ಲ. ಹೋಟೆಲ್ ಜಲಜಾಕ್ಷಿ ಬಂದಿದ್ದಳು, ಬೇರೆ ಏನೂ ಕೈಗೆ ಸಿಗಲಿಲ್ಲ... ಅಮ್ಮನ ಹತ್ರ ಹೇಳಬೇಡಮ್ಮಾ, ಪ್ಲೀಸ್."

"ಛೆ, ಯಾಕೆ ಹೇಳ್ತೀನಿ," ಎಂದು ಶ್ರೀಪ್ರಿಯಾ ಹೊರಬಿದ್ದಳು. ಅವಳ ಕೈಯಲ್ಲಿ ಮಾಮಿ ತಾಂಬೂಲದ ಜೊತೆ ಕೊಟ್ಟ ಪ್ಲಾಸ್ಟಿಕ್ ಡಬ್ಬಿ. ನೋಡಿದಳು. ಹೋದ ವರ್ಷ ಅವಳಮ್ಮ ಕೊಟ್ಟದ್ದೇ.

ಹೋಟೆಲಿನ ಹಿಂಬದಿಯ ಮನೆಯಲ್ಲಿ ಮಿಥುನ್‌ನ ದೊಡ್ಡಮ್ಮ ಜಲಜಾಕ್ಷಿ ತೆಂಗಿನಕಾಯಿ ಗುಡ್ಡೆಯ ನಡುವೆ ನಿಂತು ಸಾಮಾನಿನವನಿಗೆ ಬೈಯುತ್ತಿದ್ದರು. ಅವರ ಬೈಗಳ ಹೊಡೆತಕ್ಕೆ ಎರಡು ಕಾಯಿ ತಾವಾಗಿಯೇ ಒಡೆದುಕೊಂಡಿದ್ದವು. ಅವರ ಮನೆಯಲ್ಲಿ ಕೊಲು ಇಲ್ಲ. ಊರ ಮನೆಗಳಿಗೆಲ್ಲ ಹೋಗಿ ಬರುವ ಶಾಸ್ತ್ರ ಮಾತ್ರ ಉಂಟು.

"ಭರಣಿಯಾ? ಹಿತ್ತಾಳೆಯದ್ದು? ಅದನ್ನ ನಾನು ಮನೆಗೇ ತರಲಿಲ್ಲ ಮಾರಾಯ್ತಿ," ಎಂದು ಅವರು ಒಂದೇ ಉಸಿರಿಗೆ ಹೇಳಿಬಿಟ್ಟರು. "ನಮ್ಮಲ್ಲಿ ಇಂಥದ್ದು ಇಡ್ಲಿಕ್ಕೆ ಜಾಗ ಎಲ್ಲುಂಟು? ಅಲ್ಲಿಂದ ಸೀದಾ ಭಾವನಾನ ಕೊಲು ನೋಡ್ಲಿಕ್ಕೆ ಹೋದೆ. ಬರಿಗೈಲಿ ಹೋಗುವುದಾ? ಅವಳಿಗೇ ಕೊಟ್ಟೆ. ಯಾಕೆ, ಎಂತ ಆಯ್ತು?"

ಭಾವನಾ ಎಂದರೆ ಮುರಳಿಯ ಹೆಂಡತಿ. ಭರಣಿ ಹೋಗಿ ಸೇರಿದ್ದು ಸೂತ್ರಧಾರನ ಮನೆಗೆ.

ಪಕ್ಕದಲ್ಲಿ ಬನ್ಸ್ ತಿನ್ನುತ್ತಿದ್ದ ಮಿಥುನ್ ಬಾಯಿ ತೆರೆದ. "ಪ್ರಿಯಾ, ಮುರಳಿ ನಿನ್ನೆ ನಂಗೆ ಫೋನ್ ಮಾಡಿದ್ದ. ನಗಾಡಿದ್ದೇ ನಗಾಡಿದ್ದು. 'ನಾಳೆ ಕೆಂಡಾಂಬರಿ ತಣ್ಣಗಾಗ್ತಾಳೆ ನೋಡು' ಅಂದ. ನಾನು ಎಂತದೋ ಕಥೆಯ ತಿರುವು ಅಂತ ಮಾಡಿದ್ದೆ."

ಅಲ್ಲಿಯವರೆಗೆ ಶ್ರೀಪ್ರಿಯಾಳಿಗೆ ಇದ್ದದ್ದು ಬರೀ ಸಿಟ್ಟು. ಈಗ ಬಂದದ್ದಕ್ಕೆ ಹೊಸ ಹೆಸರೇ ಬೇಕು. ಮುರಳಿಗೆ ಆ ಭರಣಿ ಯಾರದೆಂದು ಗೊತ್ತು. ಒಂದೊಂದು ಗುಲಗಂಜಿಯನ್ನೂ ಅವನೇ ಕೈಯಾರೆ ಕೊಟ್ಟಿದ್ದಾನೆ. ನಿನ್ನೆಯೇ ಸಿಕ್ಕಿದೆ, ಒಂದು ಮಾತು ಹೇಳಿಲ್ಲ. ಅವಳು ಸ್ಕೂಟರ್ ಹತ್ತಿದಾಗ ಸೀಟು ಚುರ್ ಅಂದಿತು. ಹಿಂದೆ ಕೂತ ಮಿಥುನ್ ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದ. ಸಿಗ್ನಲ್ಲುಗಳು ಇವಳನ್ನು ನೋಡಿ ಕೆಂಪಾಗಲು ಹೆದರಿ ಹಸಿರಾಗಿದ್ದವು.

ಮುರಳಿಯ ಮನೆ ಸ್ಟೇಷನ್ನಿನ ಆಚೆ ಬದಿಯ ಗಲ್ಲಿಯಲ್ಲಿ. ಬಾಗಿಲು ತೆರೆದವನು ಅವನೇ. ಬನಿಯನ್ನು, ಲುಂಗಿ, ಕೆದರಿದ ಕೂದಲು, ಕೈಯಲ್ಲಿ ಕಾಫಿ ಲೋಟ.

"ಓಹೋ, ಕೆಂಡಾಂಬರಿ ದೇವಿಯವರು! ಬರಬೇಕು, ಬರಬೇಕು. ಕೊಲು ನೋಡಕ್ಕೆ ಬಂದ್ಯಾ?"

ಶ್ರೀಪ್ರಿಯಾ ನೋಡಿದಳು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ, ಮರದ ಪಟ್ಟದ ಗೊಂಬೆಗಳ ನಡುವೆ, ಅವಳ ಭರಣಿ.

"ಮುರಳಿ ಅಣ್ಣಾ, ಅದು ನನ್ನದು. ಕೊಡು."

"ನಿನ್ನದಾಗಿತ್ತು. ಕಟ್ಟಳೆ ಮರೆತ್ಯಾ? ಮನಸಾರೆ ಕೊಟ್ಟರೆ ಒಡೆತನ ಬದಲು. ನಿನ್ನೇನೇ ಜಾಡು ಹಿಡಿದು ವಿಚಾರಿಸಿದೀನಿ. ಚಿಕ್ಕಮ್ಮ ಮನಸಾರೆ ರಂಜನಿ ಮಾಮಿಗೆ ಕೊಟ್ಟರು. ಮಾಮಿ ಮನಸಾರೆ ಜಲಜಾಕ್ಷಮ್ಮಂಗೆ. ಅವರು ಭಾವನಾಗೆ. ಯಾರಾದ್ರೂ ಕದ್ದರಾ? ಕಿತ್ಕೊಂಡರಾ?"

"ಅಮ್ಮಂಗೆ ಅದು ಏನು ಅಂತಾನೇ ಗೊತ್ತಿರಲಿಲ್ಲ! ತನ್ನದಲ್ಲದ್ದನ್ನ ಕೊಟ್ಟರೆ ಅದು ಕೊಟ್ಟ ಹಾಗಾ?"

"ಅದನ್ನ ತೀರ್ಮಾನ ಮಾಡೋನು ಸೂತ್ರಧಾರ. ಸೂತ್ರಧಾರ ತೀರ್ಮಾನ ಮಾಡಿಯಾಯ್ತು." ಅವನು ಕಾಫಿ ಹೀರಿದ. "ಹೆಂಡತಿಯದು ಅಂದ್ರೆ ನಂದು. ನಂದು ಅಂದ್ರೆ ಹಿಮಕರ್ಕೋಟಂದು. ಅವನ ಹೊಟ್ಟೇಲಿ ನಿನ್ನ ಬೆಂಕಿಯೆಲ್ಲಾ ಮಂಜಾಗತ್ತೆ ಇವತ್ತು. ಎಂಥಾ ತಿರುವು, ಅಲ್ವಾ? ಒಂದು ವಾರ ನಿದ್ದೆಗೆಟ್ಟರೂ ನಂಗೆ ಇಂಥದ್ದು ಹೊಳೀತಿರ್ಲಿಲ್ಲ!"

"ನೀನು ಸೋಲ್ತೀಯ ಅಂತ ಹೆದರಿ ನಾಟಕ ಆಡ್ತಿದೀಯ."

"ಹಾಗೇ ಅಂದ್ಕೋ. ಕೊಲುವಿನ ಮೇಲೆ ಇಟ್ಟಿದ್ದೀನಿ, ದಶಮಿವರೆಗೆ ತೆಗೆಯೋ ಹಾಗಿಲ್ಲ. ಅದು ನನ್ನ ಕಟ್ಟಳೆ ಅಲ್ಲಮ್ಮಾ, ನಮ್ಮಮ್ಮನ, ಅಂದ್ರೆ ನಿನ್ನ ದೊಡ್ಡಮ್ಮನ ಕಟ್ಟಳೆ. ಹೋಗಿ ಅವರ ಹತ್ರ ಜಗಳ ಆಡು."

ಶ್ರೀಪ್ರಿಯಾಳ ಕಿವಿಯಿಂದ ಹೊಗೆ ಬಂದದ್ದನ್ನು ಮಿಥುನ್ ಕಣ್ಣಾರೆ ಕಂಡ. ಇವತ್ತಿಗೂ ಹೋಟೆಲಿಗೆ ಬಂದವರಿಗೆಲ್ಲ ಹೇಳುತ್ತಾನೆ. ಅವಳು ಅಲ್ಲೇ ಮೆಟ್ಟಿಲು ಹತ್ತಿ ಅದನ್ನು ಬಾಚಿಕೊಳ್ಳಬಹುದಿತ್ತು. ಬಾಚಿಕೊಂಡರೆ ಅದು ಕಿತ್ತುಕೊಂಡದ್ದಾಗುತ್ತದೆ, ಕಿತ್ತುಕೊಂಡ ವಸ್ತುವಿನಲ್ಲಿ ಮಂತ್ರ ಉಳಿಯುವುದಿಲ್ಲ. ಕೈ ಎರಡೂ ಮುಷ್ಟಿಯಾಗಿ ನಿಂತವು.

ಅಷ್ಟರಲ್ಲಿ ಅಡುಗೆಮನೆಯಿಂದ ಭಾವನಾ ಬಂದಳು. ಒದ್ದೆ ಕೂದಲಿಗೆ ಟವೆಲು ಸುತ್ತಿತ್ತು, ಕೈಯಲ್ಲಿ ನೈವೇದ್ಯದ ಕಡಲೆ ಸುಂಡಲ್.

"ಏನದು ಗಲಾಟೆ? ಪ್ರಿಯಾ, ಯಾವಾಗ ಬಂದೆ?" ಅವಳ ಕಣ್ಣು ಮೇಲಿನ ಮೆಟ್ಟಿಲಿಗೆ ಹೋಯಿತು. "ಅದನ್ನ ಅಲ್ಲಿ ಯಾರು ಇಟ್ಟಿದ್ದು?"

"ನಾನೇ," ಎಂದ ಮುರಳಿ, ಎದೆಯುಬ್ಬಿಸಿ.

"ನೀವಾ? ಮದುವೆಯಾದಾಗ್ನಿಂದ ಒಂದು ಗೊಂಬೆ ಎತ್ತಿ ಕೊಟ್ಟೋರಲ್ಲ! ಯಾವಾಗ ಇಟ್ರಿ?"

"ಈಗ, ಬೆಳಿಗ್ಗೆ. ಎದ್ದ ತಕ್ಷಣ."

ಭಾವನಾ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬನಿಯನ್ನು. ಲುಂಗಿ. ಕೆದರಿದ ಕೂದಲು. ಫ್ಯಾನು ತಿರುಗುವುದನ್ನು ನಿಲ್ಲಿಸಿತು.

"ಸ್ನಾನ ಮಾಡದೆ?"

ಮುರಳಿಯ ಕೈಯ ಲೋಟ ಅಲ್ಲೇ ನಿಂತಿತು. ಸರ್ಪರಾಜನ ಹಲ್ಲಿನ ವಿಷಕ್ಕೂ ಲೆಕ್ಕ ಇಟ್ಟಿದ್ದ ಮಹಾ ಸೂತ್ರಧಾರ ಇದೊಂದನ್ನು ಯೋಚಿಸಿರಲಿಲ್ಲ.

"ಹಲ್ಲಾದ್ರೂ ಉಜ್ಜಿದ್ರಾ?"

"ಅದು... ಉಜ್ಜಿದ ಹಾಗೇ..."

"ಕಲಶ ಇಟ್ಟಿರೋ ಕೊಲು! ಪಟ್ಟದ ಗೊಂಬೆ ಪಕ್ಕಕ್ಕೆ! ಮೈಲಿಗೆ ಕೈಲಿ!" ಅವಳ ದನಿ ಏರಿದ ಹಾಗೆ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟು ಮಾಡುವವಳು ಮೈಕು ಆರಿಸಿ ಕೇಳತೊಡಗಿದಳು. "ನಾನು ಮೂರು ದಿನದಿಂದ ಬಂದೋರಿಗೆ ಸುಂಡಲ್ ಮಾಡಿ, ಎಲೆ ಹಾಕಿ, ನಗ್ತಾ ನಿಂತಿದೀನಿ. ಒಂದು ದಿನ, ಭಾನುವಾರ ಒಂದು ದಿನ ಮನೇಲಿರಿ ಅಂದ್ರೆ ಆಗಲ್ಲ, ಹಾವಿಗೆ ಯುದ್ಧ ಇದೆ! ಹೆಂಡತಿಯದು ಅಂದ್ರೆ ನಂದು ಅಂದ್ರಲ್ಲ, ಕೇಳಿಸ್ತು ನಂಗೆ. ನಾನು ಯಾವಾಗ ಕೊಟ್ಟೆ ನಿಮಗೆ? ಮನಸಾರೆ ಯಾವಾಗ ಕೊಟ್ಟೆ, ಹೇಳಿ!"

"ಭಾವನಾ, ಕೊಲು ಮೇಲೆ ಇಟ್ಟಿದ್ದನ್ನ ತೆಗೆಯಬಾರದು..."

"ಮೈಲಿಗೇಲಿ ಇಟ್ಟಿದ್ದು ಇಟ್ಟ ಹಾಗೇ ಅಲ್ಲ!"

ಅವಳು ಸ್ಟೂಲು ಎಳೆದು, ಹತ್ತಿ, ಭರಣಿ ಇಳಿಸಿದಳು. ಗಲಗಲ ಸದ್ದಾಯಿತು. ತೊಳೆದು ಒರೆಸಿ ಸೆರಗಿನಲ್ಲಿ ಹಿಡಿದುಕೊಂಡು ಶ್ರೀಪ್ರಿಯಾಳ ಕಡೆಗೆ ತಿರುಗಿದಳು.

"ಬಂದೋಳು ಕೂತ್ಕೋ. ಒಂದು ಹಾಡು ಹೇಳು."

"ಅತ್ತಿಗೆ, ನಂಗೀಗ ಇರೋ ಸಿಟ್ಟಿಗೆ ಹಾಡು ಬರಲ್ಲ."

"ಸಿಟ್ಟಲ್ಲೇ ಹಾಡು. ಇವತ್ತು ದೇವಿಗೂ ಸಿಟ್ಟೇ ಬಂದಿರತ್ತೆ."

ಶ್ರೀಪ್ರಿಯಾ ಕೂತಳು, ಹಾಡಿದಳು. ಈ ಸಲ ಹಲ್ಲು ಕಚ್ಚಲಿಲ್ಲ. ಶ್ರುತಿ ಎಲ್ಲಿಗೋ ಹೋಯಿತು, ತಾಳ ಇನ್ನೆಲ್ಲಿಗೋ ಹೋಯಿತು, ಎರಡೂ ಭೇಟಿಯಾಗಿದ್ದು ತಾಂಬರಂನಲ್ಲಿ. ಆದರೆ ದನಿ ಮಾತ್ರ ಹೊಟ್ಟೆಯಿಂದ ಎದ್ದು ಬಂತು. ಮಿಥುನ್ ಸುಂಡಲ್ ಬಾಯಿಗಿಡುವುದನ್ನು ಮರೆತ. ಮುರಳಿ ಟವೆಲು ಹುಡುಕಿಕೊಂಡು ಬಚ್ಚಲಿಗೆ ಓಡಿದ. ಈಗ ಸ್ನಾನ ಮಾಡಿ ಏನು ಪ್ರಯೋಜನವೋ ಅವನಿಗೇ ಗೊತ್ತು.

ಭಾವನಾ ಎಲೆ, ಅಡಿಕೆ, ಅರಿಶಿನದ ಕೊಂಬು ಜೋಡಿಸುತ್ತ ಮೆಲ್ಲಗೆ ಕೇಳಿದಳು. "ಈ ಗುಲಗಂಜಿ ಏನಕ್ಕೆ?"

"ಒಂದೊಂದೂ ಒಂದೊಂದು ಸಿಟ್ಟು, ಅತ್ತಿಗೆ. ಆಡಲಾರದೆ ನುಂಗಿದ್ದು. ಎಸೆಯೋವಾಗ ಹೆಸರು ಹೇಳಬೇಕು."

ಭಾವನಾ ಎದ್ದಳು. ಮಂಚದ ಕೆಳಗಿನಿಂದ ಅಳಗುಳಿ ಮಣೆಯ ಚೀಲ ಎಳೆದಳು. ಅವಳಮ್ಮ ಕೊಟ್ಟಿದ್ದು, ಆಟದ ಕಾಯಿಗಳಾಗಿ ಅದರಲ್ಲಿ ಇದ್ದದ್ದು ಬಿಳಿ ಗುಲಗಂಜಿ. ಒಂದು ಹಿಡಿ ತೆಗೆದು ಭರಣಿಗೆ ಸುರಿದಳು. ಸ್ವಲ್ಪ ಯೋಚಿಸಿ ಇನ್ನೊಂದು ಹಿಡಿ. ಮುಚ್ಚಳ ಒತ್ತಿ ಮುಚ್ಚಬೇಕಾಯಿತು.

"ಇವು ನಂದು. ಹೆಸರು ಅವರಿಗೇ ಗೊತ್ತಿರಬೇಕು." ಹಣೆಗೆ ಕುಂಕುಮ ಇಟ್ಟು, ತಾಂಬೂಲದ ಮೇಲೆ ಭರಣಿ ಇಟ್ಟು, ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು. ಬಚ್ಚಲ ಕಡೆಗೆ ತಿರುಗಿ, ಕೇಳಿಸುವ ಹಾಗೆ, "ಮನಸಾರೆ ಕೊಡ್ತಿದೀನಿ!" ಎಂದಳು.

ನಾಲ್ಕು ಗಂಟೆಗೆ ಹೋಟೆಲಿನ ಮಾಳಿಗೆಯಲ್ಲಿ ಸಟ್ಟುಗ, ಕೊಡೆ, ಭರಣಿ ಮೂರೂ ಮೇಜಿನ ಮೇಲಿದ್ದವು. ಮುರಳಿ ಬಂದಿದ್ದ, ತಲೆ ಒದ್ದೆ, ಮುಖ ಗಂಟು. ಅವನಿಗೂ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಹಿಮಕರ್ಕೋಟನಿಗೆ ಮಧ್ಯಾಹ್ನದೊಳಗೆ ಮೂರು ಹೆಡೆ ಹೆಚ್ಚಾಗಿದ್ದವು, ಚಿಪ್ಪು ಎರಡು ಪದರ ದಪ್ಪವಾಗಿತ್ತು.

"ಅದು ಮೊದಲಿರ್ಲಿಲ್ಲ ಮಾರಾಯ," ಎಂದ ಮಿಥುನ್.

"ಈಗ ಉಂಟು," ಎಂದ ಮುರಳಿ, ಅವನದೇ ಧಾಟಿಯಲ್ಲಿ ಅಣಕಿಸಿ.

ಸರ್ಪದ ಮೊದಲ ಉಸಿರಿಗೇ ಸಾಯಿಯ ಕೊಡೆ ಹೆಪ್ಪುಗಟ್ಟಿತು. ಎರಡನೆಯದಕ್ಕೆ ಸಟ್ಟುಗ ಮಂಜಿನಲ್ಲಿ ಹೂತುಹೋಯಿತು. ಕೆಂಡಾಂಬರಿ ಭರಣಿಯ ಮುಚ್ಚಳ ತೆಗೆದಳು. ಶ್ರೀಪ್ರಿಯಾ ಒಂದೊಂದೇ ಕೆಂಪು ಬೀಜ ಎತ್ತಿ ಹೆಸರು ಹೇಳತೊಡಗಿದಳು. ಇದು ಗಡಿಯ ಕಾವಲುಗಾರ ನನ್ನ ಮುಖಕ್ಕೆ ಉಗಿದದ್ದು. ಇದು ಗುರುಕುಲದಲ್ಲಿ ಹೆಣ್ಣಿಗೆ ಮಂತ್ರವೇಕೆಂದು ಬಾಗಿಲು ಹಾಕಿದ್ದು. ಇದು ನಾನು ಗೆದ್ದ ಯುದ್ಧಕ್ಕೆ ಇನ್ನೊಬ್ಬನಿಗೆ ಹಾರ ಹಾಕಿದ್ದು. ಒಂದೂ ಮರೆತಿರಲಿಲ್ಲ. ಒಂದು ಕಡೆ ಮಾತ್ರ ಬಾಯಿ ತಪ್ಪಿ "ಇದು ಅಡ್ಜಸ್ಟ್ ಮಾಡಿಕೊಳ್ಳಮ್ಮಾ ಅಂದದ್ದು" ಎಂದುಬಿಟ್ಟಳು. ಆ ಬೀಜದ ದಾಳಕ್ಕೆ ನೇರ ಇಪ್ಪತ್ತು ಬಿತ್ತು. ಹೆಡೆಗಳು ಒಂದೊಂದಾಗಿ ಸುಟ್ಟು ಬಿದ್ದವು. ಕೆಳಗೆ ಅಡುಗೆಮನೆಯಲ್ಲಿ ದೋಸೆ ಕಾವಲಿ ಒಲೆಯಿಲ್ಲದೆ ಕಾದಿತೆಂದು ಭಟ್ಟರು ಹೇಳಿದ್ದಾರೆ.

ಕೆಂಪು ಬೀಜ ತೀರಿತು. ಕೊನೆಯ ಹೆಡೆ ಇನ್ನೂ ಎದ್ದು ನಿಂತಿತ್ತು.

"ಮುಗೀತಲ್ಲ?" ಮುರಳಿ ಮುಂದೆ ಬಾಗಿದ. "ಈಗ ಅವನ ಸರದಿ."

ಶ್ರೀಪ್ರಿಯಾ ಭರಣಿಯನ್ನು ಬಗ್ಗಿಸಿದಳು. ಬಿಳಿ ಗುಲಗಂಜಿಗಳು ಸುರಿದು ಮೇಜಿನ ತುಂಬ ಹರಡಿ, ಕೆಲವು ಉರುಳುತ್ತ ಹೋಗಿ ಮುರಳಿಯ ಬೆರಳಿಗೆ ತಾಗಿ ನಿಂತವು. ಅವನು ನೋಡಿದ. ಗುರುತು ಹಿಡಿದ. ಮದುವೆಯಾದ ಹೊಸತರಲ್ಲಿ ಆ ಕಾಯಿಗಳಲ್ಲಿ ಹೆಂಡತಿಯ ಜೊತೆ ಆಡಿ ಸೋತಿದ್ದವನು.

"ಇವು... ಇವನ್ನ ನಾನು ಕೊಟ್ಟಿಲ್ಲ."

"ನೀನೇ ಕೊಟ್ಟಿದ್ದು. ಸ್ವಲ್ಪ ಯೋಚ್ನೆ ಮಾಡು."

"ಹೆಸರು ಹೇಳದೆ ಎಸೆಯೋ ಹಾಗಿಲ್ಲ," ಎಂದ, ಬೆರಳು ಹಿಂದಕ್ಕೆ ಎಳೆದುಕೊಂಡು.

"ಹೌದು. ಇವುಗಳ ಹೆಸರು ನಂಗೆ ಗೊತ್ತಿಲ್ಲ. ನಿಂಗೆ ಗೊತ್ತು. ಹೇಳು." ಅವಳು ಒಂದು ಬೀಜವನ್ನು ಅವನ ಮುಂದೆ ತಳ್ಳಿದಳು. "ಹೇಳು ಮುರಳಿ ಅಣ್ಣಾ. ಇಲ್ಲಾಂದ್ರೆ ನನಗೆ ಗೊತ್ತಿಲ್ಲ, ಒಂದೂ ನೆನಪಿಲ್ಲ ಅಂತ ಹೇಳು. ನಾನು ಸೋತೆ ಅಂತ ಎದ್ದು ಹೋಗ್ತೀನಿ, ದಾರೀಲಿ ಅತ್ತಿಗೆಗೂ ಹಾಗೇ ಹೇಳ್ತೀನಿ."

ಮಿಥುನ್, ಸಾಯಿ ಇಬ್ಬರೂ ಮೇಜಿನ ಅಂಚನ್ನು ನೋಡುತ್ತಿದ್ದರು. ಕೆಳಗೆ ಯಾರೋ ಸಪ್ಲಯರ್ ಎರಡು ಮಸಾಲೆ ದೋಸೆಗೆ ಕೂಗಿದ.

ಮುರಳಿ ಬೀಜವನ್ನು ಎತ್ತಿಕೊಂಡ. ಎಷ್ಟು ಹೊತ್ತು ಹಿಡಿದುಕೊಂಡಿದ್ದನೆಂದರೆ ಅದು ಮೊಳಕೆ ಬಿಡಬಹುದಿತ್ತು.

"ಭಾವನಾ ಅಪ್ಪನ್ನ ಆಸ್ಪತ್ರೆಗೆ ಸೇರಿಸಿದ ದಿನ," ಎಂದ. "ಫೋನ್ ಮಾಡ್ತಾನೇ ಇದ್ದಳು. ನಾನು ತೆಗೀಲಿಲ್ಲ. ಇಲ್ಲೇ ಇದ್ದೆ. ಈ ಕುರ್ಚೀಲೇ."

ಶ್ರೀಪ್ರಿಯಾ ದಾಳ ಎಸೆದಳು. ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ. ಹಿಮಕರ್ಕೋಟ ಸತ್ತಿದ್ದ, ಅಷ್ಟು ವರ್ಷ ಸಾಕಿದವನೇ ಅವನನ್ನು ಸುಟ್ಟಿದ್ದ.

"ಆಯ್ತಲ್ಲ," ಎಂದ ಮುರಳಿ, ಆಟದ ಕಥೆ ಬರೆದಿಟ್ಟ ಪುಸ್ತಕ ಮಡಚುತ್ತ.

"ಆಟ ಆಯ್ತು." ಶ್ರೀಪ್ರಿಯಾ ಉಳಿದ ಬಿಳಿ ಬೀಜಗಳನ್ನೆಲ್ಲ ಗುಡ್ಡೆ ಮಾಡಿ ಅವನ ಕಡೆಗೆ ಸರಿಸಿದಳು. "ಇವನ್ನ ಮನೆಗೆ ತಗೊಂಡು ಹೋಗು. ಅಲ್ಲಿ ಹೇಳು. ನಂಗೆ ಮಾಡಿದ್ದಕ್ಕೆ ನಿನ್ನ ಜೊತೆ ದೀಪಾವಳಿವರೆಗೆ ಮಾತಿಲ್ಲ, ಅದು ಬೇರೆ."

ಅವನು ಬೀಜಗಳನ್ನು ಅಂಗಿಯ ಜೇಬಿಗೆ ತುಂಬಿಕೊಂಡು, ಕಾಫಿಯನ್ನೂ ಕುಡಿಯದೆ ಇಳಿದು ಹೋದ. ಆ ಜೇಬು ಎಷ್ಟು ಭಾರವಾಗಿತ್ತೆಂದರೆ ಅವನು ಒಂದು ಮಗ್ಗುಲಿಗೆ ವಾಲಿಕೊಂಡೇ ರೈಲ್ವೆ ಮೇಲ್ಸೇತುವೆ ಹತ್ತಿದ.

ಶ್ರೀಪ್ರಿಯಾ ಮನೆಗೆ ಬಂದಾಗ ತಂದೆ ಪೇಪರಿನಿಂದ ಹೊರಬಂದು ಸುಂಡಲ್ ತಿನ್ನುತ್ತಿದ್ದರು. ಜಯಲಕ್ಷ್ಮೀ ಮಗಳ ಕೈ ನೋಡಿದವರೇ ಕೆನ್ನೆ ಬಡಿದುಕೊಂಡರು.

"ಅಯ್ಯೋ ರಾಮಾ, ಕೇಳಿಯೇಬಿಟ್ಯಾ?"

"ಇಲ್ಲ. ಭಾವನಾ ಅತ್ತಿಗೆ ತಾಂಬೂಲದಲ್ಲಿ ಕೊಟ್ಟರು. ಹಾಡು ಹೇಳಿ ಇಸ್ಕೊಂಡೆ."

"ಹೌದಾ?" ಅವರ ಮುಖ ಅರಳಿತು. ಭರಣಿಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿ ನೋಡಿದರು. "ಖಾಲಿ ಇದೆ. ಒಳ್ಳೇದೇ ಆಯ್ತು ಬಿಡು. ಎರಡನೇ ಮಹಡಿಗೆ ಹೊಸದಾಗಿ ಬಂದಿದಾರಲ್ಲ, ಅಶ್ವಿತಾ ಅಂತ, ಅವಳು ಬರ್ತೀನಿ ಅಂದಿದಾಳೆ. ಅರಿಶಿನ ತುಂಬಿಸಿ ಇದನ್ನೇ..."

ಶ್ರೀಪ್ರಿಯಾ ತಾಯಿಯ ಕೈಯಿಂದ ಭರಣಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ತನ್ನ ಹೆಗಲ ಚೀಲದ ಮೂಲೆಯಲ್ಲಿ ಹೇಗೋ ಉಳಿದಿದ್ದ ಒಂದು ಕೆಂಪು ಗುಲಗಂಜಿಯನ್ನು ಹುಡುಕಿ ತೆಗೆದು, ತಾಯಿಯ ಕಣ್ಣೆದುರೇ ಒಳಗೆ ಹಾಕಿ, ಮುಚ್ಚಳ ಮುಚ್ಚಿದಳು.

ಟಿ. ನಗರದಿಂದ ಆಗಷ್ಟೇ ವಾಪಸು ಬಂದು ಕಾಂಪೌಂಡಿನ ಮೇಲೆ ಕೂತಿದ್ದ ಕಾಗೆಗಳು ಮತ್ತೆ ಎದ್ದವು.